ಕಹಿ ತೊಗಟೆಯ ಬೆನ್ನು ಹತ್ತಿದ ಸಾಮ್ರಾಜ್ಯಗಳು

1865ರಲ್ಲಿ ಮಾನುಯೆಲ್ ಇಂಕ್ರಾ ಮಾಮಾನಿ ಎಂಬ ಬೊಲಿವಿಯದ ಆಯ್ಮಾರಾ ಬುಡಕಟ್ಟಿನವನೊಬ್ಬ ಬೀಜದ ಗಂಟು ಹೊತ್ತು, ಆಂಡೀಸ್ ಪರ್ವತವನ್ನು ಕಾಲ್ನಡಿಗೆಯಲ್ಲೇ ದಾಟಿ, ದಕ್ಷಿಣ ಪೆರುವಿನಲ್ಲಿದ್ದ ತನ್ನ ಧಣಿಯ ಮನೆ ತಲುಪಿದ. ಧಣಿಯ ಹೆಸರು ಚಾರ್ಲ್ಸ್ ಲೆಜರ್. ಲಂಡನ್ನಿನಲ್ಲಿ ಹುಟ್ಟಿ, ಹದಿನೆಂಟರ ಹರೆಯದಲ್ಲಿ ಪೆರುವಿಗೆ ಬಂದು ಉಣ್ಣೆ, ತೊಗಟೆ, ಅಲ್ಪಾಕಾ ಎಂದು ಕಂಡ ವ್ಯಾಪಾರಕ್ಕೆಲ್ಲ ಕೈಹಾಕಿದ್ದವನು. ನಾಲ್ಕು ವರ್ಷದ ಹಿಂದೆಯೇ ಅವನು ಬೀಜಕ್ಕಾಗಿ ಮಾಮಾನಿಗೆ ಹೇಳಿಕಳಿಸಿದ್ದ. ಆದರೆ ವರ್ಷವರ್ಷವೂ ಏಪ್ರಿಲ್ ತಿಂಗಳ ಹಿಮ ಬಿದ್ದು ಹೂ ಉದುರಿಹೋಗುತ್ತಿತ್ತು, ಬೀಜ ಕಟ್ಟುತ್ತಿರಲಿಲ್ಲ. ಮಾಮಾನಿ ಕಾದ. ಕಾಡಿನಲ್ಲಿ ಒಂದೇ ತೆರನಾಗಿ ಕಾಣುವ ನೂರಾರು ಮರಗಳ ನಡುವೆ ಯಾವುದರ ತೊಗಟೆಗೆ ಕಸುವು ಹೆಚ್ಚು ಎನ್ನುವುದು ಅವನ ಕಣ್ಣಿಗೆ ಗೊತ್ತಿತ್ತು. ಆ ಮರಗಳು ಹೂ ಬಿಟ್ಟು, ಕಾಯಿ ಬಲಿತ ವರ್ಷ ಬೀಜ ಆರಿಸಿ ತಂದ. ಯುರೋಪಿನ ಎರಡು ಸಾಮ್ರಾಜ್ಯಗಳು ಹಡಗು, ಹಣ, ಸಸ್ಯವಿಜ್ಞಾನಿಗಳನ್ನೆಲ್ಲ ಸುರಿದೂ ದಕ್ಕಿಸಿಕೊಳ್ಳಲಾಗದ ಬೀಜ ಅದು.

ಅದು ಸಿಂಕೋನಾ ಮರದ ಬೀಜ. ವೆನಿಜುವೆಲಾದಿಂದ ಬೊಲಿವಿಯದವರೆಗೆ, ಆಂಡೀಸಿನ ಮಂಜು ಮುಸುಕುವ ಇಳಿಜಾರುಗಳಲ್ಲಷ್ಟೇ ತಾನಾಗಿ ಬೆಳೆಯುತ್ತಿದ್ದ ಮರ. ಅದರ ಕಹಿ ತೊಗಟೆಯ ಪುಡಿ ಚಳಿಜ್ವರಕ್ಕೆ, ಎಂದರೆ ಮಲೇರಿಯಾಕ್ಕೆ, ಮದ್ದು ಎಂಬ ಸುದ್ದಿ ಹದಿನೇಳನೆಯ ಶತಮಾನದಲ್ಲಿ ಜೆಸ್ಯುಯಿಟ್ ಪಾದ್ರಿಗಳ ಮೂಲಕ ರೋಮ್ ಮುಟ್ಟಿತು. ಪೆರುವಿನ ವೈಸರಾಯ್‌ನ ಹೆಂಡತಿ, ಚಿಂಚೋನ್ ಪ್ರಾಂತದ ಕೌಂಟೆಸ್, ಈ ಪುಡಿಯಿಂದಲೇ ಗುಣವಾದಳೆಂಬ ಕಥೆ ಹುಟ್ಟಿತು. ಲಿನೇಯಸ್ 1742ರಲ್ಲಿ ಮರಕ್ಕೆ ಅವಳ ಹೆಸರನ್ನೇ ಇಟ್ಟ, ಅದೂ ಒಂದಕ್ಷರ ತಪ್ಪಿಸಿ. ಆ ಕಥೆಗೆ ಆಧಾರವಿಲ್ಲವೆಂದು ಮುಂದೆ ಇತಿಹಾಸಕಾರರು ತೋರಿಸಿದರು. ಮರವನ್ನು ಬಲ್ಲ ಜನರ ಹೆಸರು ಯಾವ ಗ್ರಂಥದಲ್ಲೂ ಸೇರಲಿಲ್ಲ, ಜ್ವರವೇ ಬಾರದ ಕೌಂಟೆಸ್ಸಳ ಹೆಸರು ಉಳಿಯಿತು. ಮುಂದೆ ನಡೆದುದಕ್ಕೆಲ್ಲ ಅಲ್ಲೇ ಒಂದು ಮುನ್ಸೂಚನೆ ಇತ್ತು ಎನ್ನಿಸುತ್ತದೆ ನನಗೆ.

1820ರಲ್ಲಿ ಪ್ಯಾರಿಸ್ಸಿನ ಪೆಲ್ಟಿಯೆ ಮತ್ತು ಕಾವೆಂತು ಎಂಬಿಬ್ಬರು ತೊಗಟೆಯ ಸತ್ವವನ್ನು ಬೇರ್ಪಡಿಸಿದರು. ಅದೇ ಕ್ವಿನೈನ್. ಇಷ್ಟು ತೂಕಕ್ಕೆ ಇಷ್ಟು ಗುಣ ಎಂದು ಅಳೆದು ಕೊಡಬಹುದಾದ ಔಷಧ ಸಿಕ್ಕಿದ್ದೇ ತಡ, ಸಾಮ್ರಾಜ್ಯಗಳ ಲೆಕ್ಕಾಚಾರ ಬದಲಾಯಿತು. ಆಫ್ರಿಕದ ನದಿಗಳಲ್ಲಿ ಒಳಹೊಕ್ಕ ಬಿಳಿಯರು ಅಲ್ಲಿಯವರೆಗೆ ಜ್ವರದಿಂದ ಸಾಲುಸಾಲಾಗಿ ಸಾಯುತ್ತಿದ್ದರು. 1854ರಲ್ಲಿ ವಿಲಿಯಂ ಬೈಕಿ ಎಂಬ ನೌಕಾಪಡೆಯ ವೈದ್ಯ ತನ್ನ ಹಡಗಿನವರಿಗೆ ದಿನವೂ ಕ್ವಿನೈನ್ ಕುಡಿಸುತ್ತ ನೈಜರ್ ನದಿಯಲ್ಲಿ ಮೇಲಕ್ಕೆ ಹೋಗಿ, ಒಬ್ಬನನ್ನೂ ಜ್ವರಕ್ಕೆ ಬಲಿಕೊಡದೆ ಮರಳಿದ. ಕ್ವಿನೈನ್ ಇದ್ದರೆ ಉಷ್ಣವಲಯದ ದೇಶಗಳನ್ನು ಗೆಲ್ಲಬಹುದು, ಗೆದ್ದದ್ದನ್ನು ಉಳಿಸಿಕೊಳ್ಳಬಹುದು ಎಂಬುದು ಲಂಡನ್ನಿಗೂ ಹೇಗ್‌ಗೂ ಒಟ್ಟಿಗೇ ಹೊಳೆಯಿತು.

ತೊಗಟೆಯೋ, ಆಗಷ್ಟೇ ಸ್ಪೇನಿನಿಂದ ಬಿಡಿಸಿಕೊಂಡಿದ್ದ ಹೊಸ ಗಣರಾಜ್ಯಗಳ ಕೈಯಲ್ಲಿತ್ತು. ಪೆರು 1825ರಲ್ಲಿ ತನ್ನ ರಾಷ್ಟ್ರಲಾಂಛನದಲ್ಲೇ ಸಿಂಕೋನಾ ಮರವನ್ನು ಇರಿಸಿಕೊಂಡಿತ್ತು. ಬೊಲಿವಿಯ ತೊಗಟೆಯ ರಫ್ತಿಗೆ ಸರ್ಕಾರಿ ಏಕಸ್ವಾಮ್ಯ ತಂದಿತು, ಬೀಜ ಮತ್ತು ಸಸಿಗಳು ಗಡಿ ದಾಟದಂತೆ ಕಟ್ಟಪ್ಪಣೆ ಮಾಡಿತು. ಬ್ರಿಟಿಷ್ ಬರಹಗಳಲ್ಲಿ ಈ ಕಾವಲನ್ನು ಸಂಕುಚಿತ ಸ್ವಾರ್ಥವೆಂದು ಜರೆಯಲಾಗಿದೆ. ಆಂಡೀಸಿನವರು ಮರ ಕಡಿದು ತೊಗಟೆ ಸುಲಿಯುತ್ತಾರೆ, ಹೊಸದಾಗಿ ನೆಡುವುದಿಲ್ಲ, ಹೀಗಾದರೆ ಮರವೇ ನಿರ್ನಾಮವಾಗುತ್ತದೆ, ಆದ್ದರಿಂದ ಮನುಕುಲದ ಹಿತಕ್ಕಾಗಿ ಅದನ್ನು ಬೇರೆಡೆ ಒಯ್ಯಬೇಕು ಎಂಬುದು ಅವರ ವಾದ. ಮರ ಕಡಿಯುತ್ತಿದ್ದುದು ನಿಜ. ಕಡಿಸುತ್ತಿದ್ದುದು ಯುರೋಪಿನ ಬೇಡಿಕೆ ಎನ್ನುವುದೂ ಅಷ್ಟೇ ನಿಜ. ಒಂದೇ ಒಂದು ಬೆಲೆಬಾಳುವ ಸರಕು ಇರುವ ಬಡ ದೇಶ ಅದನ್ನು ಕಾಯ್ದುಕೊಂಡರೆ ಅದರಲ್ಲಿ ಪಾಪ ಯಾವುದು ಎಂದು ಅಂದು ಯಾರೂ ಕೇಳಲಿಲ್ಲ.

ಮೊದಲು ಹೊರಟವರು ಡಚ್ಚರು. 1852ರಲ್ಲಿ ಹಾಸ್‌ಕಾರ್ಲ್ ಎಂಬ ಸಸ್ಯವಿಜ್ಞಾನಿ ಮ್ಯುಲರ್ ಎಂದು ಸುಳ್ಳು ಹೆಸರಿಟ್ಟುಕೊಂಡು ಪೆರುವಿಗೆ ಹೋದ. ಬೀಜ, ಸಸಿ ಸಂಗ್ರಹಿಸಿ ಡಚ್ ಯುದ್ಧನೌಕೆಯಲ್ಲೇ ಜಾವಾಕ್ಕೆ ಸಾಗಿಸಿದ. ಅಲ್ಲಿ ಯುಂಗ್‌ಹೂನ್ ಎಂಬವನ ಉಸ್ತುವಾರಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗಿಡಗಳು ಎದ್ದವು. ಗಿಡಗಳೇನೋ ಸೊಂಪಾಗಿ ಬೆಳೆದವು, ತೊಗಟೆಯಲ್ಲಿ ಮಾತ್ರ ಕ್ವಿನೈನ್ ಇಲ್ಲವೆನ್ನುವಷ್ಟು ಕಡಿಮೆ. ತಂದದ್ದೇ ಸತ್ವಹೀನ ಜಾತಿ. ಮರವನ್ನು ಕದಿಯುವುದು ಸುಲಭ, ಯಾವ ಮರವನ್ನು ಕದಿಯಬೇಕೆಂಬ ತಿಳಿವಳಿಕೆ ಕದ್ದರೆ ಬರುವಂಥದ್ದಲ್ಲ ಎಂಬ ಪಾಠಕ್ಕೆ ಡಚ್ಚರು ಹತ್ತು ವರ್ಷ ತೆತ್ತರು.

ಬ್ರಿಟಿಷರ ಸರದಿ 1860ರಲ್ಲಿ ಬಂತು. 1857ರ ದಂಗೆಯ ಬಳಿಕ ಭಾರತದಲ್ಲಿ ಬಿಳಿಯ ಸೈನಿಕರ ಸಂಖ್ಯೆ ಏರಿತ್ತು, ಅದರೊಂದಿಗೆ ಕ್ವಿನೈನ್ ಖರ್ಚೂ. ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಗುಮಾಸ್ತನಾಗಿದ್ದ, ಸ್ಪ್ಯಾನಿಷ್ ಬಲ್ಲ ಕ್ಲೆಮೆಂಟ್ಸ್ ಮಾರ್ಕಮ್‌ಗೆ ಈ ಕೆಲಸ ಒಪ್ಪಿಸಲಾಯಿತು. ಅವನು ದಕ್ಷಿಣ ಪೆರುವಿನ ಕರಬಾಯಾ ಸೀಮೆಯ ಕಾಡು ಹೊಕ್ಕು ನಾನೂರಕ್ಕೂ ಹೆಚ್ಚು ಸಸಿ ಕೂಡಿಹಾಕಿದ. ಅಷ್ಟರಲ್ಲಿ ಸುದ್ದಿ ಹರಡಿತ್ತು. ಕಿಯಾಕಾ ಎಂಬ ಹಳ್ಳಿಯ ಮುಖ್ಯಸ್ಥ ಅವನನ್ನು ತಡೆಯಲು ಕಾಗದ ಕಳಿಸಿದ. ಮಾರ್ಕಮ್ ಹೆದ್ದಾರಿ ಬಿಟ್ಟು, ಹಿಮಗಾಳಿ ಬೀಸುವ ಬಯಲುಗಳಲ್ಲಿ ಹೇಸರಗತ್ತೆ ಹೊಡೆದುಕೊಂಡು ಕಡಲತೀರ ಸೇರಿದ. ಬಂದರಿನ ಸುಂಕದವರೂ ಅಡ್ಡಗಟ್ಟಿದರು. ಲಿಮಾದವರೆಗೆ ಹೋಗಿ ಅಪ್ಪಣೆ ತಂದ. ಗಾಜಿನ ಪೆಟ್ಟಿಗೆಗಳಲ್ಲಿ ಸಸಿಗಳು ಪನಾಮಾ, ಸೌತಾಂಪ್ಟನ್, ಈಜಿಪ್ಟ್ ದಾಟಿ, ಕೆಂಪು ಸಮುದ್ರದ ಧಗೆಯಲ್ಲಿ ಬೆಂದು ಮುಂಬಯಿ ಮುಟ್ಟಿದವು. ನೀಲಗಿರಿಗೆ ಬಂದ ಮೇಲೆ ಒಂದೂ ಬದುಕಲಿಲ್ಲ.

ಬ್ರಿಟಿಷರ ಮಾನ ಉಳಿಸಿದ್ದು ಇನ್ನೊಬ್ಬ. ರಿಚರ್ಡ್ ಸ್ಪ್ರೂಸ್, ಅಮೆಜಾನ್ ಕಾಡಿನಲ್ಲಿ ವರ್ಷಗಟ್ಟಲೆ ಅಲೆದು ಮೈ ಜಜ್ಜರಿಸಿಕೊಂಡಿದ್ದ ಸಸ್ಯವಿಜ್ಞಾನಿ. ಈಕ್ವಡಾರಿನ ಚಿಂಬೊರಾಸೊ ಬೆಟ್ಟದ ಇಳಿಜಾರಿನಲ್ಲಿ, ಕಾಡಿನ ಒಡೆಯರಿಗೆ ಬಾಡಿಗೆ ಕೊಟ್ಟು, ಕೆಂಪು ತೊಗಟೆಯ ಜಾತಿಯ ಸುಮಾರು ಒಂದು ಲಕ್ಷ ಬೀಜ ಮತ್ತು ಆರುನೂರಕ್ಕೂ ಹೆಚ್ಚು ಗಿಡ ಸಿದ್ಧಪಡಿಸಿದ. ಒಮ್ಮೊಮ್ಮೆ ಹಾಸಿಗೆಯಿಂದ ಏಳಲೂ ಆಗದಷ್ಟು ಅವನಿಗೆ ಕಾಯಿಲೆಯಿತ್ತು. ರಾಬರ್ಟ್ ಕ್ರಾಸ್ ಎಂಬ ತೋಟಗಾರ ಆ ಗಿಡಗಳ ಜತೆ ಹಡಗು ಹತ್ತಿದ. ಅವು 1861ರಲ್ಲಿ ಊಟಿಗೆ ಜೀವಂತ ತಲುಪಿದವು. ಅದೇ ವರ್ಷ ಈಕ್ವಡಾರ್ ಸಿಂಕೋನಾ ಬೀಜ, ಸಸಿಗಳ ರಫ್ತನ್ನು ನಿಷೇಧಿಸಿತು. ಕಾಲ ಮಿಂಚಿಹೋಗಿತ್ತು.

ಗುಂಡ್ಲುಪೇಟೆ, ಗೂಡಲೂರು ಹಾದು ಊಟಿಗೆ ಹೋಗುವ ನಮ್ಮವರು ದಾರಿಯಲ್ಲಿ ನಡುವಟ್ಟಂ ಎಂಬ ಊರನ್ನು ನೋಡಿರುತ್ತಾರೆ. ಆ ಊರಿನ ಸುತ್ತಲೂ, ದೊಡ್ಡಬೆಟ್ಟದ ಮಗ್ಗುಲಲ್ಲೂ, ಬಡಗರ ಹಟ್ಟಿಗಳ ಆಸುಪಾಸಿನಲ್ಲಿ ಸರ್ಕಾರಿ ಸಿಂಕೋನಾ ತೋಟಗಳೆದ್ದವು. ಊಟಿಯ ಸಸ್ಯೋದ್ಯಾನ ಕಟ್ಟಿದ ಮೆಕ್‌ಐವರ್ ಅವುಗಳ ಮೇಲ್ವಿಚಾರಕ. ಮರ ಕಡಿಯದೆ, ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿದು, ಸುಲಿದ ಜಾಗಕ್ಕೆ ಪಾಚಿ ಹೊದಿಸಿ ಕಟ್ಟಿದರೆ ಮತ್ತೆ ತೊಗಟೆ ಬರುತ್ತದೆಂದು ಅವನು ಕಂಡುಕೊಂಡ. ನಡುವಟ್ಟದಲ್ಲಿ ಒಂದು ಸೆರೆಮನೆ ಕಟ್ಟಿ, ದೂರದಿಂದ ಸಾಗಿಸಿ ತಂದ ಚೀನೀ ಕೈದಿಗಳನ್ನು ಈ ತೋಟದ ಕೆಲಸಕ್ಕೆ ಹಚ್ಚಲಾಯಿತು. ಆಂಡೀಸಿನ ಮರ, ಚೀನದ ಕೈದಿ, ಬಡಗರ ಬೆಟ್ಟ, ಲಂಡನ್ನಿನ ಖಜಾನೆ. ಒಂದು ಸಾಮ್ರಾಜ್ಯಕ್ಕೆ ಎಷ್ಟು ದೂರದ ಜೀವಗಳನ್ನು ಎತ್ತಿ ತಂದು ಒಂದೇ ಕಡೆ ನೆಡುವ ಶಕ್ತಿ ಇತ್ತು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತಿತ್ತು.

ಈ ಮದ್ದು ಯಾರಿಗೆ ಎಂಬ ಪ್ರಶ್ನೆ ನಮಗೆ ಹತ್ತಿರದ್ದು. ಮಾರ್ಕಮ್ ತೋಟಕ್ಕೆ ಹೊಂದುವ ನೆಲ ಹುಡುಕುತ್ತ ಮೈಸೂರು, ಕೊಡಗಿನಲ್ಲೂ ಓಡಾಡಿದ್ದ. ಮಲೆನಾಡೆಂದರೆ ಆಗ ಚಳಿಜ್ವರದ ನಾಡು. ಹೆಣ್ಣು ಕೊಡಲು ಬಯಲುಸೀಮೆಯವರು ಹೆದರುತ್ತಿದ್ದರು, ವರ್ಗವಾಗಿ ಬಂದ ಅಮಲ್ದಾರ ರಜೆ ಹಾಕಿ ಹೋಗುತ್ತಿದ್ದ, ಹೊಟ್ಟೆಯಲ್ಲಿ ಗಡ್ಡೆ ಕಟ್ಟಿದ ಮಕ್ಕಳು ಮನೆಮನೆಯಲ್ಲಿದ್ದರು. ಬಡ ರೈತನಿಗೂ ಎಟುಕುವ ಮದ್ದು ಮಾಡುತ್ತೇವೆಂದು ಬ್ರಿಟಿಷ್ ಸರ್ಕಾರ ಹೇಳಿತ್ತು, ಅದನ್ನು ಪೂರಾ ಸುಳ್ಳೆನ್ನುವಂತೆಯೂ ಇಲ್ಲ. 1892ರಿಂದ ಬಂಗಾಳದ ಅಂಚೆಕಚೇರಿಗಳಲ್ಲಿ ಕ್ವಿನೈನ್ ಪೊಟ್ಟಣವನ್ನು ಒಂದು ಪೈಸೆಗೆ ಮಾರುವ ವ್ಯವಸ್ಥೆ ಬಂತು, ಆಮೇಲೆ ಬೇರೆ ಪ್ರಾಂತಗಳಿಗೂ ಹಬ್ಬಿತು. ಆದರೆ ಮೊದಲ ಪಾಲು ದಂಡಿಗೆ, ಆಮೇಲಿನದು ಕಚೇರಿ, ರೈಲ್ವೆ, ಜೈಲು, ತೋಟಗಳಿಗೆ. ಮಲೆನಾಡಿನ ಗದ್ದೆಯವರೆಗೆ ಬರುವಷ್ಟು ಎಂದೂ ಉಳಿಯಲಿಲ್ಲ. ಉಳಿಯದಿರಲು ಒಂದು ಕಾರಣ ಲಂಡನ್ನಿನಲ್ಲಿ 1865ರಲ್ಲೇ ನಡೆದುಹೋಗಿತ್ತು.

ಮಾಮಾನಿ ತಂದ ಬೀಜವನ್ನು ಲೆಜರ್ ಲಂಡನ್ನಿನಲ್ಲಿದ್ದ ತನ್ನ ತಮ್ಮ ಜಾರ್ಜ್‌ಗೆ ಕಳಿಸಿದ. ಜಾರ್ಜ್ ಅದನ್ನು ಬ್ರಿಟಿಷ್ ಸರ್ಕಾರಕ್ಕೆ ಮಾರಲು ನೋಡಿದ. ಈ ವಿಷಯದಲ್ಲಿ ಆಸ್ಥೆಯಿದ್ದ ಕ್ಯೂ ಸಸ್ಯೋದ್ಯಾನದ ವಿಲಿಯಂ ಹೂಕರ್ ಆಗಷ್ಟೇ ತೀರಿಕೊಂಡಿದ್ದ. ನೀಲಗಿರಿಯಲ್ಲಿ ಕೆಂಪು ತೊಗಟೆಯ ಗಿಡಗಳು ಲಕ್ಷಗಟ್ಟಲೆ ಎದ್ದಿದ್ದವು. ಯಾರೋ ವ್ಯಾಪಾರಿಯ ಬೀಜ ಯಾಕೆ ಎಂದು ಸರ್ಕಾರ ತಳ್ಳಿಹಾಕಿತು. ಜಾರ್ಜ್ ಡಚ್ಚರ ಬಾಗಿಲು ತಟ್ಟಿದ. ಅವರೂ ಅರೆಮನಸ್ಸಿನಿಂದಲೇ ಒಂದು ಪೌಂಡ್ ಬೀಜಕ್ಕೆ 100 ಫ್ರಾಂಕ್ ಕೊಟ್ಟರು, ಮೊಳೆತರೆ ಇನ್ನಷ್ಟು ಕೊಡುವ ಮಾತಿನ ಮೇಲೆ. ಮಿಕ್ಕಿದ್ದನ್ನು ಭಾರತದಲ್ಲಿ ತೋಟವಿದ್ದ ಒಬ್ಬ ಇಂಗ್ಲಿಷ್ ಪ್ಲಾಂಟರ್ ಕೊಂಡ. ಅವನ ಮೂಲಕ ಬೀಜ ನೀಲಗಿರಿಯ ಸರ್ಕಾರಿ ತೋಟಕ್ಕೂ ಬಂತು. ಅಲ್ಲಿ ಅದರ ಕಡೆ ಯಾರೂ ಹೆಚ್ಚು ಗಮನ ಕೊಡಲಿಲ್ಲ.

ಜಾವಾದಲ್ಲಿ ಆ ಒಂದು ಪೌಂಡಿನಿಂದ ಸುಮಾರು 20 ಸಾವಿರ ಸಸಿ ಎದ್ದವು. ಯುಂಗ್‌ಹೂನ್‌ನ ಬಳಿಕ ಬಂದ ಫಾನ್ ಗೋರ್ಕಮ್ ಮತ್ತು ರಸಾಯನವಿಜ್ಞಾನಿ ಮೂನ್ಸ್ ತಾಳ್ಮೆಯ ಜನ. 1872ರ ಹೊತ್ತಿಗೆ ಎಳೆಯ ಮರಗಳ ತೊಗಟೆಯನ್ನು ಒಂದೊಂದಾಗಿ ಪರೀಕ್ಷಿಸಿದಾಗ ತಮ್ಮ ಕಣ್ಣನ್ನೇ ನಂಬದಾದರು. ನೀಲಗಿರಿಯ ಕೆಂಪು ತೊಗಟೆಯಲ್ಲಿ ಕ್ವಿನೈನ್ ಶೇಕಡ ಎರಡು ಮೂರು ಸಿಗುತ್ತಿದ್ದರೆ, ಈ ಮರಗಳಲ್ಲಿ ಕೆಲವು ಶೇಕಡ 10 ದಾಟಿದವು. ಅತ್ಯುತ್ತಮವಾದವು 13 ಮುಟ್ಟಿದವು. ಕಡಿಮೆಯದನ್ನು ಕಿತ್ತೆಸೆದು, ಹೆಚ್ಚಿನದರಿಂದ ಮಾತ್ರ ಬೀಜ ಎತ್ತಿದರು. ಬೇರು ನಾಜೂಕಾದ ಈ ಜಾತಿಯನ್ನು ಗಟ್ಟಿಬೇರಿನ ಕೆಂಪು ತೊಗಟೆಯ ಬುಡಕ್ಕೆ ಕಸಿ ಕಟ್ಟಿದರು. ಈ ಕೆಲಸದ ಜಾಣ್ಮೆಯನ್ನು ಮೆಚ್ಚಲೇಬೇಕು. ಕದ್ದದ್ದರ ಮೇಲೆ ಅವರು ನಿಜಕ್ಕೂ ದುಡಿದರು. ಆದರೆ ಆ ದುಡಿಮೆ ನಿಂತದ್ದು ಮಾಮಾನಿಯ ಕಣ್ಣು ಆರಿಸಿದ ಮರಗಳ ಮೇಲೆ. ಜಾತಿಗೆ ಇಟ್ಟ ಹೆಸರು ಲೆಜರಿಯಾನಾ.

ಮಾಮಾನಿಯನ್ನು ಲೆಜರ್ ಮತ್ತೊಮ್ಮೆ ಬೀಜಕ್ಕೆ ಕಳಿಸಿದ. ಈ ಸಲ ಬೊಲಿವಿಯದ ಕೊರೊಯಿಕೊದಲ್ಲಿ ಅವನು ಸಿಕ್ಕಿಬಿದ್ದ. ಲೆಜರ್ ಬರೆದಿಟ್ಟ ಪ್ರಕಾರ, ಬೀಜ ಯಾರಿಗೆಂದು ಹೇಳಲು ಒಪ್ಪದ್ದಕ್ಕೆ ಅವನನ್ನು ಸೆರೆಯಲ್ಲಿಟ್ಟು ಹೊಡೆದರು, ಬಿಡುಗಡೆಯಾದ ಕೆಲವೇ ಕಾಲದಲ್ಲಿ ಅವನು ಸತ್ತ. ಲೆಜರ್‌ಗೆ ಮುಪ್ಪಿನಲ್ಲಿ, ಆಸ್ಟ್ರೇಲಿಯಾದಲ್ಲಿದ್ದಾಗ, ಡಚ್ ಸರ್ಕಾರ ಒಂದು ಸಣ್ಣ ಪಿಂಚಣಿ ಕೊಟ್ಟಿತು. ಮಾಮಾನಿಯ ಮನೆಯವರಿಗೆ ಯಾವ ಸರ್ಕಾರವೂ ಏನೂ ಕೊಡಲಿಲ್ಲ. ಈ ಇತಿಹಾಸವನ್ನು ಯಾವ ಕಡೆಯಿಂದ ಓದಿದರೂ ನಾನು ಈ ಜಾಗದಲ್ಲಿ ನಿಲ್ಲುತ್ತೇನೆ. ಬೌದ್ಧಿಕ ಆಸ್ತಿ ಎಂದು ಇಂದು ನಾವು ಯಾವುದನ್ನು ಕರೆಯುತ್ತೇವೋ ಅದು ಈ ಇಡೀ ಕಥೆಯಲ್ಲಿ ಮೊದಲಿಗೆ ಇದ್ದದ್ದು ಒಬ್ಬ ಬುಡಕಟ್ಟಿನವನ ತಲೆಯೊಳಗೆ. ಅದಕ್ಕೆ ಕೂಲಿ ಸಿಕ್ಕಿತು, ಬೆಲೆ ಸಿಗಲಿಲ್ಲ.

ಮುಂದಿನದು ಪೇಟೆಯ ಕಥೆ. ಸಿಲೋನಿನಲ್ಲಿ 1869ರಿಂದ ಕಾಫಿ ಗಿಡಗಳಿಗೆ ಎಲೆರೋಗ ಬಡಿದು ತೋಟಗಳು ಹಾಳಾದಾಗ ಪ್ಲಾಂಟರುಗಳು ಮುಗಿಬಿದ್ದು ಸಿಂಕೋನಾ ನೆಟ್ಟರು. 1886ರಲ್ಲಿ ಅಲ್ಲಿಂದ ಒಂದೂವರೆ ಕೋಟಿ ಪೌಂಡ್ ತೊಗಟೆ ಹೊರಟಿತು. ಕ್ವಿನೈನ್ ಬೆಲೆ ಇಪ್ಪತ್ತು ವರ್ಷದೊಳಗೆ ಹತ್ತರಲ್ಲಿ ಒಂದು ಪಾಲಿಗಿಂತ ಕೆಳಕ್ಕೆ ಕುಸಿಯಿತು. ಸಿಲೋನಿನವರು ಗಿಡ ಕಿತ್ತು ಚಹಾ ಹಾಕಿದರು. ಕಾಡಿನಿಂದ ತೊಗಟೆ ಹೊತ್ತು ತರುತ್ತಿದ್ದ ಆಂಡೀಸಿನ ವ್ಯಾಪಾರ ನೆಲಕಚ್ಚಿತು. ನೀಲಗಿರಿ, ಡಾರ್ಜಿಲಿಂಗ್ ಬಳಿಯ ಮಂಗ್ಪೂ ತೋಟಗಳು ಸರ್ಕಾರದ ಆಸರೆಯಲ್ಲಿ ಉಳಿದವು. ಬೆಲೆ ಬಿದ್ದಾಗಲೂ ಲಾಭಕ್ಕೆ ನಿಂತದ್ದು ಒಂದೇ, ಶೇಕಡ 10ರ ಮರವಿದ್ದ ಜಾವಾ.

1913ರಲ್ಲಿ ಡಚ್ ತೋಟದವರೂ ಕ್ವಿನೈನ್ ಕಾರ್ಖಾನೆಯವರೂ ಸೇರಿ ಒಪ್ಪಂದ ಮಾಡಿಕೊಂಡರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಕೀನಾ ಬ್ಯೂರೋ ಎಂಬ ಕಚೇರಿ ಕೂತಿತು. ಎಷ್ಟು ತೊಗಟೆ ಪೇಟೆಗೆ ಬರಬೇಕು, ಯಾವ ದರಕ್ಕೆ ಎಂದು ಅದು ತೀರ್ಮಾನಿಸತೊಡಗಿತು. ಜಗತ್ತಿನ ಶೇಕಡ 90ಕ್ಕೂ ಹೆಚ್ಚು ತೊಗಟೆ ಆ ಕಚೇರಿಯ ಮುಷ್ಟಿಯಲ್ಲಿತ್ತು. ಅಮೆರಿಕ ಇದನ್ನು ಅಕ್ರಮ ಕೂಟವೆಂದು ಕರೆದು 1928ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಎಳೆಯಿತು. ಭಾರತಕ್ಕೆ ಬೇಕಿದ್ದ ಕ್ವಿನೈನಿನಲ್ಲಿ ಅಲ್ಪ ಪಾಲಷ್ಟೇ ಇಲ್ಲಿ ತಯಾರಾಗುತ್ತಿತ್ತು. ಉಳಿದದ್ದಕ್ಕೆ ಆಮ್‌ಸ್ಟರ್‌ಡ್ಯಾಮ್ ಹೇಳಿದ ಬೆಲೆ ತೆರಬೇಕಿತ್ತು. ಕೊಳ್ಳಲಾಗದವರು ಜ್ವರದಲ್ಲಿ ನಡುಗುತ್ತ ಮಲಗುತ್ತಿದ್ದರು.

ತೊಗಟೆಯೇ ಬೇಡ ಎಂಬ ದಾರಿಯನ್ನು ಹಿಡಿದದ್ದು ಜರ್ಮನಿ. ಇದರ ಬೇರು 1856ಕ್ಕೆ ಹೋಗುತ್ತದೆ. ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕಲ್ಲಿದ್ದಲಿನ ಟಾರಿನಿಂದ ಕ್ವಿನೈನ್ ತಯಾರಿಸಲು ಹೊರಟು, ಅದರ ಬದಲು ನೇರಳೆ ಬಣ್ಣ ಪಡೆದ. ಕೃತಕ ಬಣ್ಣಗಳ ಉದ್ಯಮ ಹುಟ್ಟಿತು, ಬಲುಬೇಗ ಜರ್ಮನ್ನರ ಕೈಸೇರಿತು. 1891ರಲ್ಲಿ ಪಾಲ್ ಎರ್ಲಿಕ್ ಬರ್ಲಿನ್ನಿನಲ್ಲಿ ಮೆಥಿಲಿನ್ ಬ್ಲೂ ಎಂಬ ಬಣ್ಣವನ್ನೇ ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದಿಂದ ಕ್ವಿನೈನ್ ಬಾರದೆ ಕಂಗೆಟ್ಟ ಜರ್ಮನಿ ಈ ಎಳೆಯನ್ನು ಬಿಗಿಯಾಗಿ ಹಿಡಿಯಿತು. ಬಾಯರ್ ಕಂಪನಿಯ ಎಲ್ಬರ್‌ಫೆಲ್ಡ್ ಪ್ರಯೋಗಾಲಯದಿಂದ 1920ರ ದಶಕದಲ್ಲಿ ಪ್ಲಾಸ್ಮೋಕಿನ್, 1930ರ ದಶಕದ ಆರಂಭದಲ್ಲಿ ಅಟಬ್ರಿನ್ ಎಂಬ ಕೃತಕ ಔಷಧಗಳು ಹೊರಬಂದವು. ಬೀಜವನ್ನು ಕದಿಯಬಹುದಿತ್ತು. ರಾಸಾಯನಿಕ ಸೂತ್ರಕ್ಕೆ ಪೇಟೆಂಟಿನ ಬೇಲಿಯಿತ್ತು. ಆಂಡೀಸಿನ ಸರ್ಕಾರಗಳು ಹಾಕಿದ ಬೇಲಿಯನ್ನು ಯಾರೂ ಲೆಕ್ಕಿಸಿರಲಿಲ್ಲ, ಈ ಬೇಲಿಯನ್ನು ಹಲವರು ಮನ್ನಿಸಿದರು, ಯುದ್ಧ ಬರುವವರೆಗೆ.

1940ರ ಮೇ ತಿಂಗಳಲ್ಲಿ ಹಿಟ್ಲರನ ಸೇನೆ ಹಾಲೆಂಡ್ ಹೊಕ್ಕಾಗ ಆಮ್‌ಸ್ಟರ್‌ಡ್ಯಾಮಿನ ಕ್ವಿನೈನ್ ದಾಸ್ತಾನು ಅವರ ಪಾಲಾಯಿತು. 1942ರ ಮಾರ್ಚಿನಲ್ಲಿ ಜಪಾನೀಯರಿಗೆ ಜಾವಾ ಶರಣಾಯಿತು. ತೋಟಗಳು, ಬಾಂಡುಂಗ್‌ನ ಕಾರ್ಖಾನೆ, ಎಂಬತ್ತು ವರ್ಷಗಳಲ್ಲಿ ಕಟ್ಟಿದ ಏಕಸ್ವಾಮ್ಯ ಎಲ್ಲವೂ ಕೆಲವೇ ದಿನಗಳಲ್ಲಿ ಕೈಬಿಟ್ಟವು. ಮಿತ್ರರಾಷ್ಟ್ರಗಳಿಗೆ ದಿಕ್ಕು ತೋಚದಾಯಿತು. ಫಿಲಿಪೀನ್ಸಿನ ಬಟಾನ್‌ನಲ್ಲಿ ಹಸಿವು ಮತ್ತು ಮಲೇರಿಯಾದಿಂದ ಜರ್ಝರಿತವಾದ ಅಮೆರಿಕನ್ ಮತ್ತು ಫಿಲಿಪಿನೊ ಸೇನೆ ಏಪ್ರಿಲ್ 9ರಂದು ಶರಣಾಯಿತು. ಕರ್ನಲ್ ಆರ್ಥರ್ ಫಿಶರ್ ಅದೇ ದೇಶದ ಮಿಂದನಾವೊ ದ್ವೀಪದಿಂದ ಸಿಂಕೋನಾ ಬೀಜಗಳನ್ನು ವಿಮಾನದಲ್ಲಿ ಹೊರಗೆ ಸಾಗಿಸಿದ. ಅಮೆರಿಕ ಸಸ್ಯವಿಜ್ಞಾನಿಗಳ ತಂಡಗಳನ್ನು ಕೊಲಂಬಿಯ, ಈಕ್ವಡಾರಿನ ಕಾಡಿಗೆ ಅಟ್ಟಿತು. ಐವತ್ತಕ್ಕೂ ಹೆಚ್ಚು ವರ್ಷ ಯಾರಿಗೂ ಬೇಡವಾಗಿದ್ದ ಆಂಡೀಸಿನ ಇಳಿಜಾರುಗಳಲ್ಲಿ ಮತ್ತೆ ಕೊಡಲಿಯ ಸದ್ದು ಎದ್ದಿತು. ಸೈನಿಕರಿಗೆ ಅಟಬ್ರಿನ್ ನುಂಗಿಸಿದರು. ಅದರಿಂದ ಮೈ ಹಳದಿಯಾಗುತ್ತಿತ್ತು, ಗಂಡಸುತನವೂ ಹೋಗುತ್ತದೆ ಎಂಬ ಗಾಳಿಮಾತಿಗೆ ಹೆದರಿ ಎಷ್ಟೋ ಮಂದಿ ಉಗುಳುತ್ತಿದ್ದರು.

ಇತ್ತ ಬಂಗಾಳದಲ್ಲಿ 1943ರ ಕ್ಷಾಮ. ಹಸಿದ ದೇಹಗಳ ಮೇಲೆ ಮಲೇರಿಯಾ ಎರಗಿತು. ಆ ಕ್ಷಾಮದ ಸಾವುಗಳಲ್ಲಿ ಮಲೇರಿಯಾದ ಪಾಲು ಬಹಳ ದೊಡ್ಡದು. ಕ್ವಿನೈನ್ ಕಾಳಸಂತೆಗೆ ಹೋಯಿತು. ಮಂಗ್ಪೂವಿನ ಕ್ವಿನೈನ್ ಕಾರ್ಖಾನೆ ಅದೇ ಬಂಗಾಳ ಪ್ರಾಂತದೊಳಗಿತ್ತು. ಯುದ್ಧದ ಚರಿತ್ರೆಗಳಲ್ಲಿ ಬಟಾನ್‌ಗೆ ಅಧ್ಯಾಯಗಳಿವೆ. ಬಂಗಾಳದ ಈ ಜ್ವರದ ಸಾವುಗಳಿಗೆ ಅಷ್ಟು ಜಾಗ ಸಿಕ್ಕಿಲ್ಲ, ಸಿಗಬೇಕು.

ಅದೇ 1943ರಲ್ಲಿ ಟ್ಯೂನಿಸ್ ನಗರ ಮಿತ್ರರಾಷ್ಟ್ರಗಳ ವಶವಾದಾಗ ಅಲ್ಲಿ ಜರ್ಮನ್ ಮೂಲದ ಸಾಂಟೋಕಿನ್ ಎಂಬ ಔಷಧ ಸಿಕ್ಕಿತು. ಅದನ್ನು ಬಿಡಿಸಿ ನೋಡಿದ ಅಮೆರಿಕನ್ನರು ಅದರ ಒಡಹುಟ್ಟಿನಂಥ ಇನ್ನೊಂದು ರಾಸಾಯನಿಕದ ಕಡೆ ಮರಳಿದರು. ಹಾನ್ಸ್ ಆಂಡರ್‌ಸಾಗ್ ಎಂಬವನು ಬಾಯರ್‌ನಲ್ಲಿ 1934ರಲ್ಲೇ ಅದನ್ನು ತಯಾರಿಸಿದ್ದ. ವಿಷವೆಂದು ತಪ್ಪಾಗಿ ಎಣಿಸಿ ಕಂಪನಿ ಮೂಲೆಗೆ ಹಾಕಿತ್ತು. ಯುದ್ಧದ ಬಳಿಕ ಅದೇ ಕ್ಲೋರೋಕ್ವಿನ್ ಆಗಿ ಜಗತ್ತಿಗೆಲ್ಲ ಹಬ್ಬಿತು. ಜಾವಾದ ತೋಟಗಳು ಇಂಡೋನೇಷ್ಯ ಸ್ವತಂತ್ರವಾದ ಮೇಲೆ ಡಚ್ಚರ ಕೈತಪ್ಪಿದವು. ಆ ಹೊತ್ತಿಗೆ ಅವುಗಳಿಗೆ ಹಿಂದಿನ ಬೆಲೆ ಉಳಿದಿರಲಿಲ್ಲ. ನಮ್ಮ ಮಲೆನಾಡಿನಲ್ಲಿ ಡಿಡಿಟಿ ಸಿಂಪಡಿಸಿದ ವರ್ಷಗಳಲ್ಲಿ ಜ್ವರ ಹಿಮ್ಮೆಟ್ಟಿತು.

ಪೈಪೋಟಿ ಅಲ್ಲಿಗೆ ನಿಲ್ಲಲಿಲ್ಲ. ವಿಯೆಟ್ನಾಮಿನ ಕಾಡುಗಳಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ಮಲೇರಿಯಾ ಎರಡೂ ಕಡೆಯ ಸೈನಿಕರನ್ನು ಬೀಳಿಸತೊಡಗಿತು. ಅಮೆರಿಕದ ಸೇನಾ ಪ್ರಯೋಗಾಲಯದಿಂದ ಮೆಫ್ಲೋಕ್ವಿನ್ ಬಂತು. ಉತ್ತರ ವಿಯೆಟ್ನಾಮಿನ ಕೋರಿಕೆಯ ಮೇಲೆ ಚೀನ 1967ರ ಮೇ 23ರಂದು 523 ಎಂಬ ಗುಪ್ತ ಯೋಜನೆ ಆರಂಭಿಸಿತು. ಅದರಲ್ಲಿ ದುಡಿದ ತು ಯೂಯೂ, ಸಾವಿರದ ಆರುನೂರು ವರ್ಷ ಹಿಂದಿನ ವೈದ್ಯಗ್ರಂಥವೊಂದರ ಸುಳಿವು ಹಿಡಿದು, ಚಿಂಗ್‌ಹಾವ್ ಎಂಬ ಗಿಡದಿಂದ ಕಡಿಮೆ ಉಷ್ಣತೆಯಲ್ಲಿ ಸತ್ವ ತೆಗೆದರು. ಅವರ ತಂಡ 1972ರಲ್ಲಿ ಪಡೆದ ಆ ಸತ್ವವೇ ಆರ್ಟಿಮಿಸಿನಿನ್. 2015ರಲ್ಲಿ ತು ಅವರಿಗೆ ನೊಬೆಲ್ ಬಂತು. ಆದರೆ ಚೀನದಲ್ಲಿ ಪೇಟೆಂಟ್ ಕಾಯಿದೆ ಜಾರಿಗೆ ಬಂದದ್ದು 1985ರಲ್ಲಿ. ಅಣುವಿನ ರಚನೆ 1977ರಲ್ಲೇ ಪತ್ರಿಕೆಯಲ್ಲಿ ಅಚ್ಚಾಗಿಬಿಟ್ಟಿತ್ತು. ಮೂಲ ವಸ್ತುವಿಗೆ ಯಾರ ಹಕ್ಕೂ ಉಳಿಯಲಿಲ್ಲ. ಅದರ ಸಂಯುಕ್ತವೊಂದನ್ನು ಮತ್ತೊಂದು ಔಷಧದ ಜತೆ ಕೂಡಿಸಿದ ಗುಳಿಗೆಯನ್ನು ಚೀನೀ ಸಂಸ್ಥೆಗಳ ಒಪ್ಪಂದದೊಂದಿಗೆ ಸ್ವಿಸ್ ಕಂಪನಿ ನೊವಾರ್ಟಿಸ್ ಜಗತ್ತಿನ ಪೇಟೆಗೆ ತಂದಿತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಬಡ ದೇಶಗಳ ಸರ್ಕಾರಿ ಆಸ್ಪತ್ರೆಗಳಿಗೆ ಅದನ್ನು ಲಾಭವಿಲ್ಲದೆ ಕೊಡಲು ಆ ಕಂಪನಿ ಒಪ್ಪಿತು. ಸಿಂಕೋನಾದ ಕಾಲದಲ್ಲಿ ಇಂಥ ಒಪ್ಪಂದವನ್ನು ಊಹಿಸಲೂ ಆಗುತ್ತಿರಲಿಲ್ಲ. ಬೇಡಿಕೆ ಏರಿ ಗಿಡದ ಬೆಲೆ ಗಗನಕ್ಕೆ ಹೋದಾಗ ಚೀನ, ವಿಯೆಟ್ನಾಮ್, ಪೂರ್ವ ಆಫ್ರಿಕದ ರೈತರು ಹೊಲ ತುಂಬ ಅದನ್ನೇ ಬಿತ್ತಿದರು. 2007ರ ಹೊತ್ತಿಗೆ ಬೆಲೆ ಬಿದ್ದುಹೋಯಿತು, ಬಹಳ ಮಂದಿ ಮತ್ತೆ ಜೋಳಕ್ಕೆ ಮರಳಿದರು.